ಇನ್ನೊಂದು ಆನೆ

ಜವರಪ್ಪ ಮಾವ ಆನೆ ಲದ್ದಿಯೊಳಗೆ ಕೈ ಇಡುವ ಮೊದಲು ಎಡಗೈಯ ವಾಚು ಬಿಚ್ಚಿ, ಅದರ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಮಣಿಕಟ್ಟಿನವರೆಗೂ ಕೈ ಒಳಗೆ ಬಿಡುತ್ತಿದ್ದರು. ಸುತ್ತ ನಿಂತವರು ಯಾರೂ ಉಸಿರೆತ್ತುವಂತಿಲ್ಲ. ಎಸ್ಟೇಟಿನ ರೈಟರು ಕೂಡ ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಪರೀಕ್ಷೆಯ ಫಲಿತಾಂಶಕ್ಕೆ ಬಂದ ಪೋಷಕರ ಹಾಗೆ ನಿಂತಿರುತ್ತಿದ್ದರು. ಮಾವ ಕೈ ಹೊರಗೆ ತೆಗೆದು, ಹುಲ್ಲಿಗೆ ಒರೆಸಿ, ವಾಚು ಕಟ್ಟಿಕೊಂಡು, ಗಂಟೆ ನೋಡಿ, ಅನಂತರವೇ ಬಾಯಿ ಬಿಡುತ್ತಿದ್ದರು. "ಆನೆ ಹೋಗಿ ಎರಡೂವರೆ ಗಂಟೆ ಆಗೈತೆ."

ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ವಾಚರ್. ಹೆಸರಿಗೆ ಕಾವಲುಗಾರ, ಕೆಲಸ ಆನೆ ಲೆಕ್ಕ ಹೇಳುವುದು. ಬೆಳಿಗ್ಗೆ ಹಾಜರಿ ಕರೆಯುವ ಮೊದಲು ಅವರು ತೋಟದ ಬ್ಲಾಕುಗಳನ್ನೆಲ್ಲ ಒಂದು ಸುತ್ತು ಹಾಕಿ ಬರಬೇಕು. ಯಾವ ಬ್ಲಾಕಿನಲ್ಲಿ ಆನೆ ಇದೆ, ಯಾವುದರಿಂದ ಹೋಗಿದೆ, ಹೋಗಿ ಎಷ್ಟು ಹೊತ್ತಾಯಿತು ಎಂದು ಅವರು ಹೇಳಿದ ಮೇಲೆಯೇ ರೈಟರು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಜನ ಬಿಡುವುದು. ಅರವತ್ತು ಹೆಂಗಸರ ಜೀವ ಈ ಮನುಷ್ಯನ ಎಡಗೈ ಮೇಲೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆ ಅಲ್ಲ. ಆ ಅರವತ್ತರಲ್ಲಿ ನಮ್ಮ ಅವ್ವನೂ ಒಬ್ಬಳು.

ಅವ್ವನ ತವರು ಅರಕಲಗೂಡಿನ ಕಡೆ. ಮಾವನ ಮನೆಯವರೂ ಆ ಸೀಮೆಯಿಂದಲೇ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡವರು. ಅಷ್ಟೇ ಸಂಬಂಧ. ಆದರೆ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಒಂದೇ ಕಡೆಯ ಮಾತಾಡುವವರು ಸಿಕ್ಕರೆ ಅಣ್ಣ ತಂಗಿ ಆಗುವುದಕ್ಕೆ ಹೆಚ್ಚು ದಿನ ಬೇಡ. ಅವ್ವ ಅವರನ್ನು ಜವರಣ್ಣ ಅಂದಳು, ನನಗೆ ಅವರು ಮಾವ ಆದರು. ನಮ್ಮಪ್ಪ ಲಾರಿ ಡ್ರೈವರ್, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಇದ್ದರೆ ಹೆಚ್ಚು. ಹಾಗಾಗಿ ಭಾನುವಾರದ ಗಂಡುದನಿ ಎಂದರೆ ನಮ್ಮ ಮನೆಗೆ ಜವರಪ್ಪ ಮಾವನದೇ.

ಮಾವ ದಪ್ಪ ಮೀಸೆಯ, ಸಣ್ಣ ದೇಹದ ಮನುಷ್ಯ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಖಾಕಿ ಅಂಗಿ, ಅದರ ಮೇಲೆ ಯಾರೋ ಸಾಹುಕಾರರು ಕೊಟ್ಟ ಸ್ವೆಟರು, ಬಿಸಿಲಿರಲಿ ಮಳೆಯಿರಲಿ ಅದೇ ವೇಷ. ಸಂತೆ ಬೀದಿಯ ಕಾಕನ ಚಹಾದಂಗಡಿಗೆ ಹೋದರೆ ಕಾಕಾ ಮಲಯಾಳದಲ್ಲಿ "ಜವರಪ್ಪಾ, ಕೈ ಕಳುಗಿಯೋ?" ಎಂದು ಕೇಳದೆ ಗ್ಲಾಸು ಮುಂದೆ ತಳ್ಳುತ್ತಿರಲಿಲ್ಲ. ಕೈ ತೊಳೆದೆಯಾ ಎಂದು. ಮಾವ ಎರಡೂ ಅಂಗೈ ಬಿಡಿಸಿ ತೋರಿಸಿ, "ರಂಡು ಸಲ, ಎರಡು ಸಲ ತೊಳ್ದಿದ್ದೀನಿ ಕಾಕಾ, ನಿನ್ನ ಗ್ಲಾಸು ಒಂದು ಸಲನೂ ತೊಳ್ದಂಗೆ ಕಾಣಲ್ಲ" ಅನ್ನುತ್ತಿದ್ದರು. ಈ ಜಗಳ ನಾನು ಹುಟ್ಟುವ ಮೊದಲೇ ಶುರುವಾದದ್ದಂತೆ.

ನನಗೆ ರಜೆ ಬಂತೆಂದರೆ ಅವರ ಹಿಂದೆ ಬ್ಲಾಕು ಸುತ್ತುವ ಹುಚ್ಚು. ಅವ್ವ ಬಯ್ಯುತ್ತಿದ್ದಳು, ಆದರೂ ಆನೆ ಇಲ್ಲವೆಂದು ಖಾತ್ರಿಯಾದ ಜಾಗಕ್ಕೆ ಮಾತ್ರ ಮಾವ ಕರೆದುಕೊಂಡು ಹೋಗುತ್ತಿದ್ದರು. ಲದ್ದಿಯ ಕಾವು ಗಂಟೆಗಳ ಲೆಕ್ಕ ಹೇಳುತ್ತದೆ. ಸಿಗಿದ ಬಾಳೆಯ ದಿಂಡು ಮೊದಲು ಬೆಳ್ಳಗಿದ್ದು ನೀರು ಸೋರುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಕಂದು ತಿರುಗುತ್ತದೆ, ಅದು ನಿಮಿಷಗಳ ಲೆಕ್ಕ. ಮುರಿದ ಕೊಂಬೆಯ ಎಲೆ ಬಾಡುವುದಕ್ಕೆ ಅರ್ಧ ದಿನ ಬೇಕು. ಕೆಸರಿನ ಹೆಜ್ಜೆಯ ಅಂಚು ಉದುರುವುದಕ್ಕೆ ಎರಡು ದಿನ. "ಒಂದೊಂದೂ ಒಂದೊಂದು ಗಡಿಯಾರ ಮಗಾ," ಅನ್ನುತ್ತಿದ್ದರು. "ಒಂದೇ ಗಡಿಯಾರ ನೋಡಿ ಬಸ್ಸು ಹತ್ತಬೇಡ."

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಅಪಘಾತವಾಯಿತು. ರೊಬಸ್ಟಾ ಕಾಫಿಯ ಪಿಕ್ಕಿಂಗ್ ನಡೆಯುತ್ತಿತ್ತು. ಆನೆ ಹೋಗಿದೆ ಎಂದು ಮಾವ ಹೇಳಿದ ಬ್ಲಾಕಿನಲ್ಲೇ ಆನೆ ಎದ್ದು ಬಂತು. ಹೆಂಗಸರು ದಿಕ್ಕಾಪಾಲಾಗಿ ಓಡಿದರು. ಅವ್ವ ಇಳಿಜಾರಿನಲ್ಲಿ ಉರುಳಿ ಚರಂಡಿಗೆ ಬಿದ್ದಳು, ತೊಡೆಮೂಳೆ ಎರಡು ತುಂಡಾಯಿತು. ಮೇಲಿನವರು ಡಬ್ಬ ಬಡಿದು ಕೂಗಿದ್ದಕ್ಕೆ ಆನೆ ಬೇರೆ ದಾರಿ ಹಿಡಿಯಿತು. ಮೂಳೆ ಕೂಡಿತು, ಆದರೆ ಬಲಗಾಲು ಒಂದಂಗುಲ ಗಿಡ್ಡವಾಯಿತು. ಅಂದಿನಿಂದ ಅವ್ವ ಇಳಿಜಾರು ಹತ್ತಲಿಲ್ಲ. ನರ್ಸರಿಯಲ್ಲಿ ಸಸಿ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಹಾಕಿದರು. ಹೋದ ಆನೆ ವಾಪಸ್ ಬಂತು, ಏನು ಮಾಡುವುದು, ಹಣೆಬರಹ ಎಂದು ಎಲ್ಲರೂ ಅಂದರು. ಅವ್ವನೂ ಹಾಗೇ ಅಂದಳು.

ಆಮೇಲೆ ಮಾವ ಒಂದು ಭಾನುವಾರವೂ ತಪ್ಪಿಸಲಿಲ್ಲ. ಕಾವೇರಿಯ ಮೀನೋ, ಒಂದು ಚಿಪ್ಪು ಬಾಳೆಹಣ್ಣೋ ಹಿಡಿದು ಬಂದು ಜಗಲಿಯಲ್ಲಿ ಕೂರುತ್ತಿದ್ದರು. "ಕಾಲು ಹೆಂಗೈತೆ ರತ್ನವ್ವ?" ಎಂದು ಕೇಳುತ್ತಿದ್ದರು. ಕೆಲಸದಲ್ಲಿ ಬಹಳ ಮೊಂಡರಾದರು. ಒಂದು ಗುರುತಿನ ಮೇಲೆ ಅನುಮಾನ ಬಂದರೂ ಬ್ಲಾಕು ಬಂದ್. ರೈಟರ ಜೊತೆ ವಾರಕ್ಕೊಂದು ಜಗಳ. ವಯಸ್ಸಾದ ಮೇಲೆ ಪುಕ್ಕಲಾಗಿದ್ದಾರೆ ಎಂದು ಜನ ಆಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು.

ನಾನು ಓದಿದೆ. ಓದಿ ಓದಿ ಖಭೌತ ವಿಜ್ಞಾನಕ್ಕೆ ಬಂದು ಬಿದ್ದೆ. ಪಿಎಚ್‌ಡಿಗೆ ಸೇರಿದ ವರ್ಷ ಊರಿಗೆ ಬಂದಾಗ ಮಾವ ವಿಚಾರಣೆಗೆ ಕೂತರು.

"ಅದೇನೋ ಓದ್ತಿದ್ದೀಯಂತಲ್ಲ, ಏನವ್ವಾ ಅದು?"

"ಆಕಾಶದಲ್ಲಿ ಒಂಥರ ಸ್ಫೋಟ ಮಾವ. ಸೂರ್ಯನಿಗಿಂತ ಎಷ್ಟೋ ದೊಡ್ಡ ನಕ್ಷತ್ರ ಸಾಯುವಾಗ ಅದರ ಒಳಗಿಂದ ಒಂದು ಧಾರೆ ಚಿಮ್ಮುತ್ತೆ. ಅದು ನಮ್ಮ ಕಡೆ ಮುಖ ಮಾಡಿದ್ರೆ ಗಾಮಾ ಕಿರಣ ಫಳ್ ಅಂತ ಬಂದು ಹೋಗುತ್ತೆ."

"ಎಷ್ಟೊತ್ತು ಇರ್ತದೆ?"

"ಹತ್ತಿಪ್ಪತ್ತು ಸೆಕೆಂಡು. ಕೆಲವು ಇನ್ನೂ ಕಮ್ಮಿ."

"ಅಷ್ಟಕ್ಕೆ ಐದು ವರ್ಷ ಓದ್ತೀಯಾ?"

ಅವ್ವ ಒಳಗಿಂದ ನಕ್ಕಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಮಿಂಚಿನಲ್ಲಿ ಹೆಚ್ಚಿಗೆ ಏನೂ ತಿಳಿಯುವುದಿಲ್ಲ, ಅದು ಹೋದ ಮೇಲೆಯೇ ನಮ್ಮ ಕೆಲಸ ಎಂದು ವಿವರಿಸಲು ಕೂತೆ. ಚಿಮ್ಮಿದ ಧಾರೆ ಹೋಗಿ ಸುತ್ತಲಿನ ಅನಿಲಕ್ಕೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿ ಹುಟ್ಟಿದ ಕಾವು ನಿಧಾನಕ್ಕೆ ಆರುತ್ತದೆ. ಆರುವಾಗ ಮೊದಲು ಎಕ್ಸ್-ರೇಯಲ್ಲಿ ಕಾಣುತ್ತದೆ, ಅದು ಗಂಟೆಗಳಲ್ಲೇ ಸಪ್ಪಗಾಗುತ್ತದೆ. ಕಣ್ಣಿಗೆ ಕಾಣುವಂಥ ಬೆಳಕು ಕೆಲವು ದಿನ ಇರುತ್ತದೆ. ರೇಡಿಯೊ ಅಲೆ ನಿಧಾನಕ್ಕೆ ಏರಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಎಕ್ಸ್-ರೇಗೆ ಉಪಗ್ರಹ, ಬೆಳಕಿಗೆ ಬೆಟ್ಟದ ಮೇಲಿನ ದೂರದರ್ಶಕ, ರೇಡಿಯೊಗೆ ಬಯಲಿನ ದೊಡ್ಡ ದೊಡ್ಡ ಆಂಟೆನಾ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಧಾರೆ ಎಷ್ಟು ಅಗಲ ಇತ್ತು, ಎಷ್ಟು ಬಲ ಇತ್ತು, ಸುತ್ತ ಏನಿತ್ತು ಎಂದು ಹೇಳಬಹುದು.

ಮಾವ ಪೂರ್ತಿ ಕೇಳಿದರು. "ಹಂಗಂದ್ರೆ ನೀನೂ ಲದ್ದಿ ಮುಟ್ಟೋಳೇ," ಅಂದರು. "ನೋಡು ರತ್ನವ್ವ, ಇವಳನ್ನ ಅಷ್ಟು ದೂರ ಕಳ್ಸಿ ಓದಿಸಿದ್ದು ದಂಡ. ನಾನೇ ಕಲಿಸ್ತಿದ್ನಲ್ಲ."

ಈ ಮಾತನ್ನು ನನ್ನ ಗೈಡ್‌ಗೆ ಹೇಳಿದಾಗ ಅವರು ಬಹಳ ನಕ್ಕರು. ನಾನು ನಗಲಿಲ್ಲ. ಒಂದೇ ಘಟನೆಯನ್ನು ಬೇರೆ ಬೇರೆ ಕಿರಣಗಳಲ್ಲಿ ಏಕೆ ನೋಡಬೇಕು ಎಂಬುದು ಪುಸ್ತಕ ಓದುವ ಮೊದಲೇ ನನಗೆ ತಿಳಿದಿತ್ತು. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಪಿಎಚ್‌ಡಿಯ ಕೊನೆಯ ವರ್ಷ ಒಂದು ಒಳ್ಳೆಯ ಸ್ಫೋಟ ಸಿಕ್ಕಿತು. ಎಕ್ಸ್-ರೇ ಸಿಕ್ಕಿತು, ಬೆಳಕು ಸಿಕ್ಕಿತು, ರೇಡಿಯೊ ಕೂಡ ಸಿಕ್ಕಿತು. ಎಕ್ಸ್-ರೇ ಮತ್ತು ಬೆಳಕು ಎರಡೂ ಒಂದೇ ಕಥೆ ಹೇಳುತ್ತಿದ್ದವು. ಕಿರಿದಾದ, ಬಹಳ ವೇಗದ ಒಂದೇ ಒಂದು ಧಾರೆ. ಲೆಕ್ಕ ಹಾಕಿ ನಕ್ಷೆಯಲ್ಲಿ ಗೆರೆ ಎಳೆದರೆ ಅಳತೆಯ ಚುಕ್ಕಿಗಳೆಲ್ಲ ಅದರ ಮೇಲೆ ಬಂದು ಕೂರುತ್ತಿದ್ದವು. ಎರಡು ರೇಡಿಯೊ ಚುಕ್ಕಿ ಮಾತ್ರ ಗೆರೆಗಿಂತ ಮೇಲೆ, ಕರೆಯದೆ ಬಂದ ನೆಂಟರ ಹಾಗೆ ನಿಂತಿದ್ದವು. ಅದಕ್ಕೊಂದು ವಿವರಣೆ ಉಂಟು. ದೂರದ ರೇಡಿಯೊ ಅಲೆ ನಮ್ಮ ಗೆಲಾಕ್ಸಿಯ ಅನಿಲವನ್ನು ದಾಟಿ ಬರುವಾಗ ಮಿನುಗುತ್ತದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಕಾಣುತ್ತದೆ. ಗೈಡ್ ಒಳ್ಳೆಯವರು, ಅವಸರದವರೂ ಅಲ್ಲ, ಆದರೂ "ಮಿನುಗು ಅಂತ ಒಂದು ಸಾಲು ಬರೆದು ಮುಂದೆ ಹೋಗು" ಎಂದರು. ಮಾರ್ಚಿಗೆ ನನ್ನ ಫೆಲೋಶಿಪ್ ಮುಗಿಯುವುದಿತ್ತು. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ನನ್ನ ಮುಂದಿನ ದಾರಿ ಏನೆಂದು ನನಗೇ ಗೊತ್ತಿರಲಿಲ್ಲ. ಆ ಅಧ್ಯಾಯ ಮುಗಿಸಲೆಂದೇ ಡಿಸೆಂಬರಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ.

ಭಾನುವಾರ ಮಾವ ಮೀನು ತಂದರು. ಅವ್ವ ಅದನ್ನು ತೊಳೆಯಲು ಹಿತ್ತಲಿಗೆ ಹೋದಳು. ನಾನು ಜಗಲಿಯಲ್ಲಿ ಆ ಗೆರೆ, ಚುಕ್ಕಿಗಳ ಚಿತ್ರ ತೆರೆದುಕೊಂಡು ಕೂತಿದ್ದೆ. ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬೆರಳು ಸೀದಾ ಆ ಎರಡು ಚುಕ್ಕಿಗಳ ಮೇಲೆ ಹೋಯಿತು.

"ಇವೆರಡು ಯಾಕೆ ಹೊರಗವೆ?"

"ಅದು ಸುಮ್ನೆ ಮಿನುಗು ಮಾವ. ಕೆರೆ ನೀರು ಅಲುಗಿದ್ರೆ ತಳದ ಕಲ್ಲೂ ಅಲುಗಿದಂಗೆ ಕಾಣಲ್ವಾ, ಹಂಗೆ."

"ಈ ಗೆರೆ ಯಾರು ಎಳ್ದಿದ್ದು?"

"ನಾನೇ. ಲೆಕ್ಕ ಹಾಕಿ."

"ಈ ಚುಕ್ಕಿ?"

"ಅದು ಆಂಟೆನಾ ನೋಡಿದ್ದು."

"ಗೆರೆ ನಿಂದು, ಚುಕ್ಕಿ ಅದರದ್ದು. ಹೊಂದಲಿಲ್ಲ ಅಂತ ಅದರದ್ದು ಬಿಟ್ಟುಬಿಡ್ತೀಯಾ?"

"ಬಿಡಲ್ಲ ಮಾವ. ಮಿನುಗು ಅಂತ ಬರೀತೀನಿ."

ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಆಮೇಲೆ ಮೆಲ್ಲಗೆ, "ನಾನೂ ಅವತ್ತು ಹಂಗೇ ಮಾಡಿದ್ದು," ಅಂದರು.

"ಯಾವತ್ತು?"

"ನಿಮ್ಮವ್ವ ಬಿದ್ದ ದಿನ."

ಅವರ ಮಾತನ್ನು ಆದಷ್ಟು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. "ಲದ್ದಿ ತಣ್ಣಗಿತ್ತು ಮಗಾ. ಹೆಜ್ಜೆ ಮೇಲೆ ಜೇಡ ಬಲೆ ಕಟ್ಟಿತ್ತು. ಹೋಗಿ ಆರು ಗಂಟೆ ಆಗೈತೆ ಅಂತ ಮನಸ್ಸಲ್ಲಿ ಬರ್ಕಂಡುಬುಟ್ಟೆ. ವಾಪಸ್ ಬರುವಾಗ ನೀರಿನ ತೋಡಿನ ಪಕ್ಕ ಒಂದು ಬಾಳೆ ಸಿಗಿದು ಬಿದ್ದಿತ್ತು. ದಿಂಡು ಬೆಳ್ಳಗಿತ್ತು ಕಣವ್ವ. ನೀರು ತೊಟ್ಟಿಕ್ತಾ ಇತ್ತು. ನಿಂತ್ಕಂಡು ನೋಡ್ದೆ. ಹಂದಿ ಸೀಳಿರ್ಬೇಕು ಅಂದ್ಕಂಡೆ. ಹಂದಿ ಹಂಗೆ ಸೀಳಲ್ಲ ಅಂತ ನಂಗೆ ಗೊತ್ತಿಲ್ವಾ? ಗೊತ್ತಿತ್ತು. ಮೇಲೆ ರೈಟರು ಕಾಯ್ತಾವ್ರೆ, ಅಷ್ಟು ಜನ ನಿಂತವ್ರೆ, ಜವರಪ್ಪ ಹೇಳಿದ್ದು ತಪ್ಪಲ್ಲ ಅಂತ ಹೆಸರು ಬೇರೆ ಐತೆ. ಹೋಗೈತೆ, ಜನ ಬಿಡಿ ಅಂದುಬುಟ್ಟೆ."

"ಆನೆ ವಾಪಸ್ ಬಂತು ಅಂತಾರಲ್ಲ ಎಲ್ರೂ?"

"ಯಾವ್ದೂ ವಾಪಸ್ ಬರ್ಲಿಲ್ಲ. ಎರಡಿದ್ವು. ಒಂದು ಹೋಗಿತ್ತು. ಇನ್ನೊಂದು ಅಲ್ಲೇ ಇತ್ತು. ಗುರ್ತು ಹೊಂದಲಿಲ್ಲ ಅಂದ್ರೆ ಗುರ್ತು ಸುಳ್ಳು ಅಂತಲ್ಲ ಮಗಾ. ಇನ್ನೊಂದು ಆನೆ ಐತೆ ಅಂತ."

ಇಪ್ಪತ್ತು ವರ್ಷ ಈ ಮನುಷ್ಯ ನಮ್ಮ ಜಗಲಿಯಲ್ಲಿ ಕೂತು ಕಾಲು ಹೇಗಿದೆ ಎಂದು ಕೇಳಿದ್ದಾರೆ. ನಾನು ಅವರ ಹೆಗಲ ಮೇಲೆ ಕೂತು ತೋಟ ಸುತ್ತಿದ್ದೇನೆ. ಅವ್ವ ರಾತ್ರಿಯೆಲ್ಲ ತೊಡೆ ಒತ್ತಿಕೊಂಡು ನರಳಿದ್ದನ್ನು ಕೇಳುತ್ತಲೇ ನಾನು ಬೆಳೆದದ್ದು. "ಎದ್ದು ಹೋಗಿ ಮಾವ," ಅಂದೆ.

"ಹೋಗ್ತೀನಿ. ನಿಮ್ಮವ್ವಂಗೆ ನೀನು ಹೇಳ್ಬೇಡ. ನಾನೇ ಹೇಳ್ತೀನಿ." ಅವರು ಎದ್ದು ಹಿತ್ತಲಿಗೆ ನಡೆದರು, ನಾನು ಹಿಂಬಾಗಿಲಲ್ಲಿ ನಿಂತೆ. ಅಲ್ಲಿ ನಿಂತು ನನಗೆ ಹೇಳಿದ್ದನ್ನೇ, ಒಂದು ಮಾತೂ ಕಡಿಮೆ ಮಾಡದೆ ಹೇಳಿದರು. ಅವ್ವ ಮೀನು ತೊಳೆಯುತ್ತಲೇ ಇದ್ದಳು. ಪೂರ್ತಿ ತೊಳೆದಾದ ಮೇಲೆ ಪಾತ್ರೆಯನ್ನು ಅವರ ಮುಂದೆ ಇಟ್ಟಳು. "ಇವತ್ತು ನಮಗೆ ಮೀನು ಬೇಡ. ತಗೊಂಡು ಹೋಗಿ," ಅಂದಳು. ಅವ್ವ ಅವರಿಗೆ ನೀನು ಎನ್ನುವುದು ಬಿಟ್ಟು ಬಹುವಚನದಲ್ಲಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಮಾವ ಪಾತ್ರೆ ಎತ್ತಿಕೊಂಡು ಲೈನ್ ದಾಟಿ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಸಿಟ್ಟು ಇಳಿಯದೆಯೇ ನಾನು ವಾಪಸ್ ಹೋದೆ. ಆದರೆ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಆ ಎರಡು ಚುಕ್ಕಿ ಕಣ್ಣಿಗೆ ಚುಚ್ಚುತ್ತಿದ್ದವು. ಮಿನುಗು ಎಂದು ಬರೆಯಲು ಬೆರಳು ಬರಲಿಲ್ಲ. ಮಾವನ ಮೇಲೆ ಕೋಪ ಇಟ್ಟುಕೊಂಡು ಅವರು ಮಾಡಿದ್ದನ್ನೇ ಮಾಡುವುದು ಹೇಗೆ? ನಾನು ಗೈಡ್ ಮುಂದೆ ಹೋಗಿ ಕೂತೆ. ಇನ್ನೂ ಮೂರು ಸಲ ರೇಡಿಯೊದಲ್ಲಿ ನೋಡಬೇಕು, ಬೇರೆ ಬೇರೆ ತರಂಗಗಳಲ್ಲಿ ನೋಡಬೇಕು ಎಂದೆ. ಬರೀ ಮಿನುಗಾದರೆ ಅದು ಉದ್ದ ತರಂಗದಲ್ಲಿ ಹೆಚ್ಚು ಕಾಣಬೇಕು, ಚಿಕ್ಕ ತರಂಗದಲ್ಲಿ ಅಡಗಬೇಕು, ದಿನ ಕಳೆದ ಹಾಗೆ ಪೂರ್ತಿ ಸುಮ್ಮನಾಗಬೇಕು. ಆಗದಿದ್ದರೆ ಅಲ್ಲಿ ಬೇರೆ ಏನೋ ಇದೆ.

"ನಿನ್ನ ಮಾರ್ಚ್ ಹೋಗುತ್ತೆ," ಎಂದರು ಗೈಡ್.

"ಹೋಗಲಿ ಸರ್."

ಹೇಳಿದ್ದೇನೋ ಧೈರ್ಯವಾಗಿಯೇ. ಹಾಸ್ಟೆಲಿಗೆ ಬಂದು ಅತ್ತೆ. ಆಂಟೆನಾದ ಸಮಯ ಕೇಳಿ ಅರ್ಜಿ ಹಾಕಿದೆವು, ಸಿಕ್ಕಿತು. ಜನವರಿಯಲ್ಲಿ ಒಂದು, ಫೆಬ್ರವರಿಯಲ್ಲಿ ಎರಡು. ಮೊದಲನೆಯದು ಬಂದಾಗಲೇ ಚುಕ್ಕಿ ಇನ್ನೂ ಮೇಲೆ ಹೋಗಿತ್ತು. ಎರಡನೆಯದು ಅದಕ್ಕಿಂತ ಮೇಲೆ. ಉದ್ದ ತರಂಗದಲ್ಲೂ ಹಾಗೇ, ಚಿಕ್ಕದರಲ್ಲೂ ಹಾಗೇ. ಮೂರನೆಯದು ಬಂದ ದಿನ ಮಧ್ಯಾಹ್ನ ನಾನು ಪ್ರಯೋಗಾಲಯದಲ್ಲಿ ಕೂತು ಗಟ್ಟಿಯಾಗಿ "ಇನ್ನೊಂದು ಆನೆ" ಎಂದೆ. ಪಕ್ಕದ ಮೇಜಿನ, ಅಷ್ಟಿಷ್ಟು ಕನ್ನಡ ಕಲಿತಿದ್ದ ಬಂಗಾಳಿ ಹುಡುಗಿ ಗಾಬರಿಯಾಗಿ ಕಿಟಕಿ ನೋಡಿದಳು. ಕಿರಿದಾದ, ವೇಗದ ಧಾರೆಯ ಸುತ್ತ ಅಗಲವಾದ, ನಿಧಾನದ ಇನ್ನೊಂದು ಧಾರೆ ಇತ್ತು. ಮೊದಲನೆಯದು ಎಕ್ಸ್-ರೇಯಲ್ಲಿ, ಬೆಳಕಿನಲ್ಲಿ ಬಂದು ಹೋಗಿತ್ತು. ಎರಡನೆಯದು ರೇಡಿಯೊದಲ್ಲಿ ಮಾತ್ರ ಕಾಣುತ್ತಾ ನಿಧಾನಕ್ಕೆ ಎದ್ದು ಬರುತ್ತಿತ್ತು. ಗೈಡ್ ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, ತಮ್ಮದೇ ಕೈಯಲ್ಲಿ ಫೆಲೋಶಿಪ್ ಆರು ತಿಂಗಳು ಮುಂದುವರಿಸಲು ಪತ್ರ ಬರೆದರು. ಅದು ಮಂಜೂರಾಯಿತು.

ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು ಅನ್ನಿಸಿತೋ ಅವರ ಜೊತೆ ನಾನು ಮಾತು ಬಿಟ್ಟಿದ್ದೆ. ಅದು ನನ್ನನ್ನು ಬಹಳ ಕಾಡಿತು.

ಏಪ್ರಿಲಿನಲ್ಲಿ ಊರಿಗೆ ಬಂದಾಗ ಮಾವ ಕೆಲಸ ಬಿಟ್ಟು ಕುಶಾಲನಗರದ ಹತ್ತಿರ ತಮ್ಮನ ಮನೆ ಸೇರಿದ್ದರು. ಎದೆನೋವು, ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದರು ಎಂದು ಕಾಕಾ ಹೇಳಿದರು. ನಾನು ಅವ್ವನಿಗೆ ತಿಳಿಸದೆ ಹೋಗಿಬರೋಣ ಎಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಒಳ್ಳೆ ಸೀರೆ ಉಟ್ಟು, ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. "ಎಂಟು ಗಂಟೆ ಬಸ್ಸು ತಪ್ಪಿದ್ರೆ ಮತ್ತೆ ಹತ್ತಕ್ಕೇ," ಅಂದಳು.

ಮಾವ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೀಸೆ ಮಾತ್ರ ಉಳಿದಿತ್ತು, ಮುಖ ಕರಗಿ ಹೋಗಿತ್ತು. ಅವ್ವನನ್ನು ನೋಡಿ ಏಳಲು ಹೋದರು. ಅವ್ವ ಕೈ ಸನ್ನೆ ಮಾಡಿ ಕೂರಿಸಿ, ತಾನೂ ಮಂಚದ ತುದಿಯಲ್ಲಿ ಕೂತಳು.

"ಜವರಣ್ಣ, ಆ ಬಾಳೆ ನಾನೂ ನೋಡಿದ್ದೆ."

ಮಾವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಅವತ್ತು ಇಳೀತಾ ನೋಡ್ದೆ. ಬೆಳ್ಳಗೆ ನೀರು ಸೋರ್ತಿತ್ತು. ನಾನೇನು ಬಾಳೆ ಕಾಣದೋಳಾ? ಈಗ ತಾನೇ ಸೀಳಿದ್ದು ಅಂತ ಗೊತ್ತಾಯ್ತು. ಹೇಳೋಣ ಅಂತ ಬಾಯಿಗೆ ಬಂತು. ಜವರಣ್ಣ ಹೇಳವ್ನೆ, ನಾನ್ಯಾರು ಹೇಳೋಕೆ, ಎಲ್ರೂ ನಗ್ತಾರೆ ಅಂತ ಸುಮ್ನಾದೆ. ನನ್ನ ಹಿಂದೆ ಬಂದೋರೂ ನೋಡಿರ್ತಾರೆ. ಒಬ್ಬರೂ ಬಾಯಿ ಬಿಡ್ಲಿಲ್ಲ. ಆಮೇಲೆ ಆನೆ ವಾಪಸ್ ಬಂತು ಅಂತ ನಾನೇ ಎಲ್ರಿಗೂ ಹೇಳ್ಕಂಡು ಬಂದೆ. ನೀನು ನಾಲ್ಕು ತಿಂಗಳ ಹಿಂದೆ ನಿಂದು ಹೇಳ್ದೆ, ಆಗ್ಲೂ ನಾನು ನಂದು ಹೇಳ್ಲಿಲ್ಲ. ಸಿಟ್ಟು ನಿನ್ನ ಮೇಲೊಂದೇ ಅಲ್ಲ."

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವ್ವ ಅಳಲಿಲ್ಲ, ಅವರು ಅಳುವುದು ಮುಗಿಯುವವರೆಗೆ ಕಾದಳು. ನಾನು ಬಾಗಿಲ ಹತ್ತಿರ ನಿಂತು ಇವರಿಬ್ಬರನ್ನೂ ನೋಡುತ್ತಿದ್ದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಾವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ನಿನ್ನ ಚುಕ್ಕಿ ಏನಾಯ್ತವ್ವಾ?" ಎಂದು ಕೇಳಿದರು.

ಇದ್ದದ್ದನ್ನು ಹೇಳಿದೆ. ಅವರು ಒಂದೊಂದೇ ಪ್ರಶ್ನೆ ಹಾಕಿದರು. ಎರಡನೆಯದು ಎಷ್ಟು ದೊಡ್ಡದು, ಮೊದಲನೆಯದರ ಜೊತೆಗೇ ಹೊರಟದ್ದೋ ಆಮೇಲೆ ಹೊರಟದ್ದೋ, ಇನ್ನೂ ಕಾಣುತ್ತಿದೆಯೋ. ಜೊತೆಗೇ ಹೊರಟದ್ದು, ನಿಧಾನಕ್ಕೆ ನಡೆಯುತ್ತಿದೆ, ಇನ್ನೂ ಎರಡು ತಿಂಗಳು ಕಾಣಬಹುದು ಎಂದೆ. "ಚೆನ್ನಾಗಿ ನೋಡ್ಕ. ಮೂರನೇದು ಇದ್ರೂ ಇರ್ಬೋದು," ಅಂದರು. ಸಂಜೆ ಬಸ್ಸಿನವರೆಗೂ ಅಲ್ಲೇ ಇದ್ದೆವು. ಅವರ ತಮ್ಮನ ಹೆಂಡತಿ ರೊಟ್ಟಿ ಮಾಡಿದರು, ಅವ್ವ ಎರಡು ಸಲ ಹಾಕಿಸಿಕೊಂಡು ತಿಂದಳು.

ಮಳೆ ಹಿಡಿದ ವಾರದಲ್ಲಿ ಮಾವ ತೀರಿಕೊಂಡರು. ನಾನು ಪ್ರಬಂಧದ ಕೊನೆಯ ಪುಟಗಳಲ್ಲಿ ಇದ್ದೆ. ಅವ್ವ ಹೋಗಿ ಬಂದಳು. ಆಮೇಲೆ ಅವ್ವ ಮಾಡಿದ್ದನ್ನು ನಾನು ಫೋನಿನಲ್ಲೇ ಕೇಳಿ ತಿಳಿದುಕೊಂಡೆ, ಕಾಕನಿಂದ ಸ್ವಲ್ಪ, ರೈಟರಿಂದ ಸ್ವಲ್ಪ. ಅವಳು ಎಸ್ಟೇಟಿನ ಆಫೀಸಿನ ಮುಂದೆ ಹೋಗಿ ನಿಂತು, ವಾಚರ್ ಹೇಳಿದ ಮೇಲೆ ಪಿಕ್ಕಿಂಗಿನ ಹೆಂಗಸರನ್ನೂ ಒಂದು ಮಾತು ಕೇಳಬೇಕು ಎಂದಳಂತೆ. ಕಂಡದ್ದು, ಕೇಳಿದ್ದು, ಏನಿದ್ದರೂ. ಅಷ್ಟು ಜನರನ್ನು ಕೇಳುತ್ತಾ ಕೂತರೆ ಕೆಲಸ ಆದ ಹಾಗೆಯೇ ಎಂದು ರೈಟರು ರೇಗಿದರಂತೆ. "ಇಪ್ಪತ್ತು ವರ್ಷದಿಂದ ಕುಂಟ್ತಾ ಇದ್ದೀನಿ ಸಾರ್. ಎರಡು ನಿಮಿಷ ಕೇಳಿ," ಅಂದಳಂತೆ ಅವ್ವ.

ಈ ಸಲ ಪಿಕ್ಕಿಂಗ್ ಶುರುವಾದ ದಿನ ರೈಟರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ, ಅಸ್ಸಾಮಿನಿಂದ ಹೊಸದಾಗಿ ಬಂದ ಒಬ್ಬ ಹೆಂಗಸು ಹಿಂದಿನ ಸಾಲಿನಿಂದ ಕೈ ಎತ್ತಿದಳು. ಅವಳಿಗೆ ಕನ್ನಡ ಬರುವುದಿಲ್ಲ. ಮೂಗು ಮುಟ್ಟಿ ತೋರಿಸಿ, ಕೆಳಗಿನ ಬ್ಲಾಕಿನ ಕಡೆ ಕೈ ಮಾಡಿದಳು. ವಾಸನೆ. ಹೊಸ ವಾಚರ್ ಅಲ್ಲಿ ಏನೂ ಇಲ್ಲ ಎಂದು ಆಗಲೇ ಹೇಳಿ ಆಗಿತ್ತು. ರೈಟರು ಒಂದು ಸಲ ಅವನ ಮುಖ ನೋಡಿದರು, ಒಂದು ಸಲ ಆ ಹೆಂಗಸಿನ ಮುಖ ನೋಡಿದರು.

ಅಲ್ಲಿ ಆನೆ ಇತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವತ್ತು ಆ ಬ್ಲಾಕಿಗೆ ಯಾರನ್ನೂ ಬಿಡಲಿಲ್ಲ.